ಕಣ್ಣಿನ ಚಿಕಿತ್ಸೆ, ಆರೋಗ್ಯ ಕಾರ್ಡು ಮತ್ತು ನಮ್ಮ ದಾಸೋಹ

 

ಇಷ್ಟಲಿಂಗ ಪೂಜೆಯಲ್ಲಿ ದೃಷ್ಟಿಗೆ ಎಂಥ ಸ್ಥಾನವಿದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅಂಗೈಯ ಮೇಲಿನ ಲಿಂಗದಲ್ಲಿ ನೋಟ ನೆಡುವುದೇ ಅಲ್ಲಿನ ಸಾಧನೆ. ಆದರೆ ನಮ್ಮ ಮನೆಗಳ ಹಿರಿಯರಲ್ಲಿ ಎಷ್ಟು ಜನಕ್ಕೆ ಆ ಲಿಂಗವೇ ಮಸುಕಾಗಿ ಕಾಣುತ್ತಿದೆ? ಕೇಳಿದರೆ "ವಯಸ್ಸಾಯ್ತಲ್ಲಪ್ಪ, ಇನ್ನೇನು" ಅನ್ನುತ್ತಾರೆ. ಕಣ್ಣಿನ ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದ ನೋಟ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಅಷ್ಟೆ. ಸಕ್ಕರೆ ಕಾಯಿಲೆಯವರ ರೆಟಿನಾ ಕೆಡುವಾಗ ಮೊದಮೊದಲು ಗೊತ್ತೇ ಆಗುವುದಿಲ್ಲ. ಆದ್ದರಿಂದ ಕಣ್ಣಿನ ವಿಷಯದಲ್ಲಿ ತಡವೇ ದೊಡ್ಡ ಶತ್ರು. ಆ ತಡ ಹೇಗೆ ಆಗುತ್ತದೆ ಎಂಬುದೇ ಇವತ್ತಿನ ಮಾತು.

ನಮ್ಮಲ್ಲಿ ಆಸ್ಪತ್ರೆಗಳಿಲ್ಲ ಎನ್ನುವಂತಿಲ್ಲ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ, ಭದ್ರಾವತಿಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಯೋಜನೆಗಳೂ ಇವೆ. ಆದರೆ ಅವು ಎಷ್ಟು ಸಲ ಬದಲಾಗಿವೆ ನೋಡಿ. 2003ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಬಂತು. 2018ರಲ್ಲಿ ಅದು ನಿಂತು, ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿತು. 2022ರ ನವೆಂಬರ್‌ನಲ್ಲಿ ಯಶಸ್ವಿನಿಯ ನೋಂದಣಿ ಮತ್ತೆ ಶುರುವಾಗಿ, 2023ರ ಜನವರಿಯಿಂದ ಚಿಕಿತ್ಸೆ ದೊರೆಯಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ವರ್ಷ ದಾಟಿದ ಎಲ್ಲರನ್ನೂ ಆದಾಯ ನೋಡದೆ ಆಯುಷ್ಮಾನ್‌ಗೆ ಸೇರಿಸುವುದಾಗಿ ಸಾರಿತು. ಘೋಷಣೆಗೂ ಆಸ್ಪತ್ರೆಯ ಕೌಂಟರಿಗೂ ಯಾವಾಗಲೂ ಅಂತರವಿರುತ್ತದೆ. ಹಳೆಯ ಕಾರ್ಡನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟ ಅಜ್ಜಿಗೆ ಇದರಲ್ಲಿ ಯಾವುದು ಗೊತ್ತಿರುತ್ತದೆ?

ರೇಷನ್ ಕಾರ್ಡಿನ ಲೆಕ್ಕ ಇನ್ನೂ ಮುಖ್ಯ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಪ್ಯಾಕೇಜ್ 10,000 ರೂಪಾಯಿ ಅಂತಿಟ್ಟುಕೊಳ್ಳಿ. ಕಾರ್ಡು ಬದಲಾದ ದಿನ ಆ ಮನೆಯವರು 7,000 ಹೊಂದಿಸಬೇಕು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ಗದ್ದಲವಾದಾಗ ಎಲ್ಲರೂ ಅಕ್ಕಿಯ ಮಾತಾಡಿದರು. ಅಕ್ಕಿಯ ಜೊತೆ ಚಿಕಿತ್ಸೆಯೂ ಹೋಗುತ್ತದೆ ಎಂದವರು ಕಡಿಮೆ.

ಇಲ್ಲಿ ನಮ್ಮವರಿಗೇ ಒಂದು ಮಾತು ಹೇಳಬೇಕು. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ತಾಯಿ. ಅವಳ ಹೆಸರಿನಲ್ಲಿ ಭಾಷಣ ಮಾಡುವ ನಾವು, ತೋಟ, ಕಾರು, ಬಾಡಿಗೆ ಮನೆಗಳಿದ್ದೂ ಬಿಪಿಎಲ್ ಕಾರ್ಡು ಇಟ್ಟುಕೊಂಡರೆ ಹೇಗೆ? ಇಂಥವರನ್ನು ಹುಡುಕಲು ಸರ್ಕಾರ ಜರಡಿ ಹಿಡಿದಾಗ ಅದರಲ್ಲಿ ನಿಜವಾದ ಬಡವನೂ ಸಿಕ್ಕಿಬೀಳುತ್ತಾನೆ. ಅವನಿಗೆ ಓಡಾಡಿ ಕಾರ್ಡು ಸರಿಪಡಿಸಿಕೊಳ್ಳುವ ಬಲವಿಲ್ಲ.

ಭದ್ರಾವತಿಯ ಕಷ್ಟ ಇನ್ನೊಂದು ಬಗೆಯದು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದಾಗಿನಿಂದ ಆ ಊರಿಗೆ ಕೆಲಸದ ಜೊತೆಗೇ ಆಸರೆ ಬರುತ್ತಿತ್ತು. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕೆಲಸಕ್ಕೆ ಅಂಟಿಕೊಂಡ ಚಿಕಿತ್ಸೆಯ ಆಸರೆ ಕೆಲಸದ ಹಿಂದೆಯೇ ಹೋಗುತ್ತದೆ. ಕುಲುಮೆಯ ಮುಂದೆ ದುಡಿದವರು ಈಗ ಅರವತ್ತು ದಾಟಿ, ಕಣ್ಣು ತೋರಿಸಬೇಕಾದ ವಯಸ್ಸಿನಲ್ಲಿ ಯಾವ ಯೋಜನೆಗೆ ಸೇರಿದವರೆಂದು ತಿಳಿಯದೆ ಇದ್ದಾರೆ.

ಇನ್ನು ನಿಯಮ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಸರ್ಕಾರಿ ಆಸ್ಪತ್ರೆ ಬಲವಾಗಿರಬೇಕು ಎಂಬ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ಪೊರೆಯಿಂದ ಯಾರೂ ಸಾಯುವುದಿಲ್ಲವಾದ್ದರಿಂದ ಅದು ತುರ್ತು ಆಗುವುದೇ ಇಲ್ಲ. ಹಳೇನಗರದ ಅಜ್ಜಿಯೊಬ್ಬಳು ಪತ್ರಕ್ಕೆ ಒಂದು ದಿನ, ಶಿವಮೊಗ್ಗಕ್ಕೆ ಒಂದು ದಿನ, ಆಧಾರ್‌ನಲ್ಲಿ ಹೆಸರು ತಾಳೆಯಾಗದಿದ್ದರೆ ಮತ್ತೊಂದು ದಿನ ಅಲೆಯಬೇಕು. ಕಣ್ಣು ಕಾಣದವಳು ಒಬ್ಬಳೇ ಬಸ್ಸು ಹತ್ತಲಾರಳು, ಜೊತೆಗೆ ಬಂದ ಮಗನ ಕೂಲಿಯೂ ಹೋಗುತ್ತದೆ. ಮೂರನೆಯ ಸಲಕ್ಕೆ ಅವಳೇ "ಬಿಡು ಮಗಾ" ಅನ್ನುತ್ತಾಳೆ.

ಈ ವಿಮೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಗೆ ಹಣ ಕೊಡುವಂಥವು. ಆಯುಷ್ಮಾನ್‌ನಲ್ಲಿ ಬಿಡುಗಡೆಯಾದ ಮೇಲೆ 15 ದಿನದ ಔಷಧ ಸೇರಿದೆ. ಆದರೆ ಗ್ಲಾಕೋಮಾದವರು ಜೀವನಪೂರ್ತಿ ದಿನವೂ ಡ್ರಾಪ್ಸ್ ಹಾಕಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ರೆಟಿನಾ ತೋರಿಸಬೇಕು. ಈ ಖರ್ಚು ಕಾರ್ಡಿನ ಹೊರಗೇ ಉಳಿಯುತ್ತದೆ. ಬಾಟಲಿ ಮುಗಿದ ತಿಂಗಳು ಕೈಯಲ್ಲಿ ದುಡ್ಡಿಲ್ಲದಿದ್ದರೆ ನೋಟ ಸದ್ದಿಲ್ಲದೆ ಕರಗುತ್ತದೆ.

ಹಾಗಾದರೆ ನಮ್ಮ ಕೆಲಸವೇನು? ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಇದ್ದ. ವೈದ್ಯವೂ ಕಾಯಕವೇ ಆಗಿತ್ತು. ನಮಗೆ ವೈದ್ಯ ಬರದಿರಬಹುದು, ಓದು ಬರಹ ಬರುತ್ತದೆ, ಕಾಲು ಗಟ್ಟಿಯಿದೆ. ಮಠದಲ್ಲಿ ತಿಂಗಳಿಗೆ ಒಂದು ದಿನ ನಾಲ್ಕು ಜನ ಯುವಕರು ಕೂತು ಬಂದವರ ರೇಷನ್ ಕಾರ್ಡು, ಆಧಾರ್, ಆಯುಷ್ಮಾನ್ ಕಾರ್ಡು ತಾಳೆ ನೋಡಲಿ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ, ಆಮೇಲೆ ರೋಗಿಯನ್ನು ಕಳಿಸಲಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿಯ ಗಡುವು ನೆನಪಿಸಲಿ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿಯಲ್ಲಿ ಶುರುವಾದ ನೋಂದಣಿ ಅದು, ಗಡುವು ತಪ್ಪಿದರೆ ಮುಂದಿನ ನೋಂದಣಿಯವರೆಗೆ ಕಾಯಬೇಕು. ಕಣ್ಣು ಕಾಣದವರ ಜೊತೆ ಬಸ್ಸಿನಲ್ಲಿ ಹೋಗಿಬರಲು ಒಬ್ಬರು ಸಿದ್ಧರಿರಲಿ. ದಾಸೋಹ ನಿಧಿಯಲ್ಲಿ ಸ್ವಲ್ಪ ಭಾಗ ಡ್ರಾಪ್ಸ್‌ಗೆ ಮೀಸಲಿರಲಿ. ಜಾತಿ ಕೇಳದೆ ಇದೆಲ್ಲ ನಡೆಯಲಿ ಎಂದು ಬಸವಣ್ಣನವರ ಅನುಯಾಯಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ಹೊರಗಿನ ಔಷಧದ ಖರ್ಚನ್ನೂ ಯೋಜನೆಗೆ ಸೇರಿಸಿ, ಶಿಫಾರಸು ಪತ್ರ ತಾಲ್ಲೂಕಿನಲ್ಲೇ ಒಂದೇ ದಿನದಲ್ಲಿ ಸಿಗುವಂತೆ ಮಾಡಿ ಎಂದು ಸರ್ಕಾರವನ್ನೂ ಕೇಳೋಣ. ಅದು ಜನರ ಹಕ್ಕು, ಕೇಳಲು ಸಂಕೋಚ ಬೇಡ. ಅಲ್ಲಿಯವರೆಗೆ, ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಪ್ಪ ಅವ್ವನ ಒಂದು ಕಣ್ಣು ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಕಾಣದಿದ್ದರೆ ಈ ವಾರವೇ ಹೊರಡಿ.