ಥೈರಾಯ್ಡ್ ಗುಳಿಗೆಯ ಸರಿಯಾದ ಅಳತೆ

(ಹಾಲಿನ ಸಂಘದ ಆವರಣದಲ್ಲಿ ಸೇರಿದ್ದ ರೈತರನ್ನೂ ಮಹಿಳೆಯರನ್ನೂ ಉದ್ದೇಶಿಸಿ ಗ್ರಾಮಸೇವಕರು ಮಾಡಿದ ಭಾಷಣ)



ಕೃಷಿ ಡಿಪ್ಲೊಮಾ ಓದಿ ಬಂದ ಗ್ರಾಮಸೇವಕನು ಬೀಜ ಗೊಬ್ಬರಗಳ ವಿಚಾರ ಬಿಟ್ಟು ಔಷಧದ ಮಾತು ಆಡುತ್ತಾನಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಔಷಧ ಬರೆದುಕೊಡುವುದು ವೈದ್ಯರ ಕೆಲಸ, ನನ್ನದಲ್ಲ. ಆದರೆ ಮಣ್ಣುಪರೀಕ್ಷೆಯ ಚೀಟಿ ತೋರಿಸಲು ಬಂದವರು ಅದರ ಹಿಂದೆಯೇ ರಕ್ತಪರೀಕ್ಷೆಯ ಚೀಟಿಯನ್ನೂ ತೆಗೆದು, "ಇದನ್ನೂ ಓದಿ ಹೇಳಿ ಸ್ವಾಮಿ" ಎನ್ನುವುದು ಈಚೆಗೆ ಹೆಚ್ಚಾಗಿದೆ. ಅವುಗಳಲ್ಲಿ ಹಲವು ಥೈರಾಯ್ಡಿಗೆ ಸಂಬಂಧಿಸಿದವು. ವೈದ್ಯರು ಹೇಳಿದ ಮಾತಿನಲ್ಲಿ ಅರ್ಧ, ಬಸ್ಸು ಇಳಿಯುವಷ್ಟರಲ್ಲಿ ಮರೆತುಹೋಗಿರುತ್ತದೆ. ಆ ಅರ್ಧವನ್ನು ಇಂದು ನೋಡೋಣ.

ಕುತ್ತಿಗೆಯ ಮುಂಭಾಗದಲ್ಲಿ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ, ಥೈರಾಯ್ಡ್ ಎಂಬ ಗ್ರಂಥಿಯಿದೆ. ದೇಹದ ಕೆಲಸಕಾರ್ಯಗಳ ವೇಗವನ್ನು ಹತೋಟಿಯಲ್ಲಿಡುವ ರಸವನ್ನು ಅದು ತಯಾರಿಸುತ್ತದೆ. ರಸ ಕಡಿಮೆಯಾದರೆ ಆಯಾಸ, ಚಳಿ ತಡೆಯಲಾರದಿರುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ತೂಕ ಏರುವುದು, ಮುಟ್ಟಿನಲ್ಲಿ ಏರುಪೇರು ಕಾಣುತ್ತವೆ. ಈ ತೊಂದರೆ ಹೆಂಗಸರಲ್ಲೇ ಹೆಚ್ಚು. ಸೋಮಾರಿ ಎಂದು ಮನೆಯವರಿಂದ ಬೈಸಿಕೊಳ್ಳುವ ಸೊಸೆಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿರಿ. ಬೈಗುಳದ ಅಗತ್ಯವೇ ಇಲ್ಲವೆಂದು ತಿಳಿದುಬರಬಹುದು.

ಚೀಟಿಯಲ್ಲಿ ಟಿ.ಎಸ್.ಎಚ್. ಎಂಬುದರ ಮುಂದೆ ಒಂದು ಅಂಕಿ ಇರುತ್ತದೆ. ದೊಡ್ಡ ಗೊಂದಲ ಇಲ್ಲಿಯೇ. ಅಂಕಿ ಹೆಚ್ಚಿದ್ದರೆ "ಥೈರಾಯ್ಡ್ ಜಾಸ್ತಿಯಾಗಿದೆ" ಎಂದು ಜನ ತಿಳಿಯುತ್ತಾರೆ. ಸಂಗತಿ ಅದಕ್ಕೆ ತೀರ ವಿರುದ್ಧ. ಟಿ.ಎಸ್.ಎಚ್. ಎಂಬುದು ಥೈರಾಯ್ಡಿನ ರಸವಲ್ಲ. ಮಿದುಳಿನ ಕೆಳಗಿರುವ ಇನ್ನೊಂದು ಗ್ರಂಥಿ ಥೈರಾಯ್ಡಿಗೆ ಕಳುಹಿಸುವ ಆಜ್ಞೆ. ಆಳು ಕೆಲಸದಲ್ಲಿ ನಿಧಾನಿಸಿದರೆ ಮೇಸ್ತ್ರಿಯ ಕೂಗು ಏರುತ್ತದಲ್ಲವೆ? ಹಾಗೆಯೇ ಥೈರಾಯ್ಡ್ ಸೋತಾಗ ಟಿ.ಎಸ್.ಎಚ್. ಏರುತ್ತದೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇರಬೇಕು. 20 ಎಂದು ಬಂದರೆ ರಸ ಸಾಲದು. ಗುಳಿಗೆ ನುಂಗುತ್ತಿರುವವರಿಗೆ 0.1 ಎಂದು ಬಂದರೆ ಸಾಮಾನ್ಯವಾಗಿ ಗುಳಿಗೆ ಹೆಚ್ಚಾಗಿದೆ ಎಂದರ್ಥ.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು, ಅಂಕಿ ಏರಿದ್ದನ್ನು ಕಂಡು "ಜಾಸ್ತಿಯಾಗಿದೆ, ಇನ್ನು ಗುಳಿಗೆ ಏಕೆ?" ಎಂದು ನಿಲ್ಲಿಸಿಬಿಟ್ಟಿದ್ದಳು. ಆಗ ಆಕೆ ಎರಡು ತಿಂಗಳ ಬಸುರಿ. ಆಶಾ ಕಾರ್ಯಕರ್ತೆ ವಿಚಾರಿಸಿ, ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಬಸುರಿನ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯಲು ಬೇಕಾದ ಥೈರಾಯ್ಡ್ ರಸ ತಾಯಿಯಿಂದಲೇ ಬರಬೇಕು. ಆದ್ದರಿಂದ ಗುಳಿಗೆ ತೆಗೆದುಕೊಳ್ಳುವವರಿಗೆ ಬಸುರಿನಲ್ಲಿ ಪ್ರಮಾಣ ಸಾಮಾನ್ಯವಾಗಿ ಹೆಚ್ಚಬೇಕಾಗುತ್ತದೆ, ಕಾಲುಭಾಗಕ್ಕಿಂತಲೂ ಹೆಚ್ಚು ಸಲ. ಮುಟ್ಟು ನಿಂತಿತೆಂದು ತಿಳಿದೊಡನೆ ವೈದ್ಯರ ಬಳಿಗೆ ಹೋಗಿ; ಮೂರನೆಯ ತಿಂಗಳು ತುಂಬಲೆಂದು ಕಾಯಬೇಡಿ. ಗುಳಿಗೆಯಿಂದ ಮಗುವಿಗೆ ಕೆಡುಕಾದೀತೆಂಬ ಹೆದರಿಕೆ ಬೇಡ. ಕೆಡುಕಿರುವುದು ನಿಲ್ಲಿಸುವುದರಲ್ಲಿ.

ಈ ಗುಳಿಗೆಯ ಹೆಸರು ಲೆವೊಥೈರಾಕ್ಸಿನ್. ನಮ್ಮ ಗ್ರಂಥಿಯಲ್ಲಿ ಹುಟ್ಟುವ ರಸವನ್ನೇ ಕಾರ್ಖಾನೆಯಲ್ಲಿ ತಯಾರಿಸಿದ್ದು. ಮೊದಲಿಗೆ ಇದು ಕುರಿಯಿಂದ ಬಂದದ್ದೆಂದರೆ ನಿಮಗೆ ತಮಾಷೆ ಎನಿಸಬಹುದು. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೇ, ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಒಬ್ಬ ಹೆಂಗಸನ್ನು ಉಳಿಸಿದರು. ಆಕೆ ಮುಂದೆ 28 ವರ್ಷ ಬಾಳಿದಳು. ಆ ಕಾಲದಲ್ಲಿ ಸಾರದ ಬಲ ಒಂದೊಂದು ಸಲ ಒಂದೊಂದು ರೀತಿ. ಈಗ ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. 25, 50, 75, 100 ಎಂದು ಡಬ್ಬಿಯ ಮೇಲೆ ಅಚ್ಚಾಗಿರುವುದು ಇದೇ. ಬಣ್ಣ ನೋಡಿ ಕೊಳ್ಳಬೇಡಿ, ಅಂಕಿ ಓದಿ ಕೊಳ್ಳಿ.

ಹಾಗಾದರೆ ಯಾರಿಗೆ ಎಷ್ಟು? ಗ್ರಂಥಿ ಪೂರ್ತಿ ನಿಂತಿರುವ ವಯಸ್ಕರಿಗೆ ದೇಹತೂಕದ ಕಿಲೋ ಒಂದಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. 60 ಕಿಲೋ ತೂಕದವರಿಗೆ ಹೆಚ್ಚುಕಡಿಮೆ 100. ಆದರೆ ಎಷ್ಟೋ ಜನರಲ್ಲಿ ಗ್ರಂಥಿ ಅರ್ಧಂಬರ್ಧ ದುಡಿಯುತ್ತಿರುತ್ತದೆ, ಅವರಿಗೆ 50 ಸಾಕಾಗಬಹುದು. ಮುದುಕರಿಗೆ, ಹೃದಯದ ತೊಂದರೆಯವರಿಗೆ 25 ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ ಮೆಲ್ಲನೆ ಏರಿಸುತ್ತಾರೆ. ಅಕ್ಕನಿಗೆ ಹಿಡಿಸಿದ ಗುಳಿಗೆಯನ್ನು ತಂಗಿ ನುಂಗುವುದು, ಪಕ್ಕದ ಹೊಲದ ಮಣ್ಣುಪರೀಕ್ಷೆ ನೋಡಿ ನಮ್ಮ ಹೊಲಕ್ಕೆ ಗೊಬ್ಬರ ಹಾಕಿದಂತೆ.

ಇನ್ನು ತಾಳ್ಮೆಯ ವಿಷಯ. ಇಂದು ಯೂರಿಯಾ ಹಾಕಿ ನಾಳೆ ಪೈರು ನೋಡಲು ಹೋಗುವವರನ್ನು ಕಂಡು ನೀವೇ ನಗುತ್ತೀರಿ. ನುಂಗಿದ ಥೈರಾಕ್ಸಿನ್‌ನಲ್ಲಿ ಅರ್ಧ ಕರಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಆದ್ದರಿಂದ ಹೊಸ ಪ್ರಮಾಣ ಮೈಯಲ್ಲಿ ನೆಲೆಗೊಳ್ಳಲು ಐದಾರು ವಾರ ಬೇಕು. ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ಕೊಡಿ; ಬಸುರಿಯರಿಗೆ ನಾಲ್ಕು ವಾರಕ್ಕೊಮ್ಮೆ. ವೈದ್ಯರು ಆಗ 12.5 ಅಥವಾ 25ರಂತೆ ಏರಿಸಿ ಇಳಿಸಿ ಸರಿಮಾಡುತ್ತಾರೆ. ಹತ್ತು ದಿನದಲ್ಲಿ ಗುಣ ಕಾಣಲಿಲ್ಲವೆಂದು ತಾವೇ ಎರಡು ಗುಳಿಗೆ ನುಂಗುವವರಿಗೆ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಕೆಡುವುದು ಆದೀತು. ಹೀಗೆಯೇ ವರ್ಷಗಟ್ಟಲೆ ನಡೆದರೆ ಮೂಳೆ ಸವೆಯುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ.

ಪ್ರಮಾಣ ಸರಿಯಿದ್ದರೂ ನುಂಗುವ ಕ್ರಮ ತಪ್ಪಿದರೆ ಅಂಕಿ ಇಳಿಯದು. ಗುಳಿಗೆಯನ್ನು ಬರಿಹೊಟ್ಟೆಯಲ್ಲಿ, ಬರಿಯ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಏನೂ ತಿನ್ನಬಾರದು, ಕಾಫಿಯೂ ಕೂಡದು. ನಸುಕಿನಲ್ಲಿ ಹಾಲು ಕರೆಯುವ ತಾಯಂದಿರಿಗೆ ಇದು ಸುಲಭ: ಎದ್ದೊಡನೆ ಗುಳಿಗೆ, ಆಮೇಲೆ ಕೊಟ್ಟಿಗೆ, ಡೈರಿಗೆ ಹಾಲು ಹಾಕಿ ಬಂದು ಕಾಫಿ. ಕಬ್ಬಿಣದ ಗುಳಿಗೆ, ಸುಣ್ಣದಂಶದ ಗುಳಿಗೆಗಳನ್ನು ನಾಲ್ಕು ಗಂಟೆ ದೂರವಿಡಿ. ಬಸುರಿಯರಿಗೆ ಈ ಮೂರನ್ನೂ ಕೊಟ್ಟಿರುತ್ತಾರೆ; ಒಟ್ಟಿಗೆ ನುಂಗಿದರೆ ಥೈರಾಯ್ಡಿನದು ಮೈಗೆ ಹತ್ತದು. ಕೂದಲಿಗೆಂದು ಬಯೋಟಿನ್ ನುಂಗುವವರು ವೈದ್ಯರಿಗೆ ತಿಳಿಸಿ, ರಕ್ತ ಕೊಡುವ ಎರಡು ದಿನ ಮೊದಲು ಅದನ್ನು ನಿಲ್ಲಿಸಿ. ಇಲ್ಲವಾದರೆ ಅಂಕಿಯೇ ತಪ್ಪು ಬರುತ್ತದೆ.

ಅಯೊಡಿನ್ ಉಪ್ಪು ಎಲ್ಲರೂ ಬಳಸಬೇಕಾದ್ದೇ, ಗಳಗಂಡವನ್ನು ತಡೆಯಲು. ಆದರೆ ಸೋತ ಗ್ರಂಥಿಗೆ ಉಪ್ಪು ಗುಳಿಗೆಯ ಬದಲಾಗದು.

ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಡಬೇಡಿ. ಬಿಸಿ, ತೇವ ಎರಡೂ ಗುಳಿಗೆಯನ್ನು ಕೆಡಿಸುತ್ತವೆ. ಪ್ರತಿ ಪರೀಕ್ಷೆಯ ಚೀಟಿಯ ಹಿಂದೆ ಆಗ ನುಂಗುತ್ತಿದ್ದ ಪ್ರಮಾಣವನ್ನೂ ತಾರೀಖನ್ನೂ ಬರೆದಿಡಿ, ವೈದ್ಯರಿಗೆ ಅದೇ ದಾರಿ ತೋರಿಸುತ್ತದೆ. ಇಂದು ಚೀಟಿ ತಂದಿರುವವರು ಸಭೆ ಮುಗಿದ ಮೇಲೆ ಇಲ್ಲೇ ಇರಿ. ಅಂಕಿ ಓದಿ ಹೇಳುತ್ತೇನೆ, ಮುಂದಿನ ಪರೀಕ್ಷೆಯ ವಾರವನ್ನು ಲೆಕ್ಕಹಾಕಿ ಬರೆದುಕೊಡುತ್ತೇನೆ.