ನುಡಿಯಿಲ್ಲದ ಮಗುವಿಗೆ ನಡೆಯೇ ನುಡಿ



ಮಕ್ಕಳ ಪಾಲನೆಯು ಗೃಹಸ್ಥರ ಮುಖ್ಯ ಕರ್ತವ್ಯವೆಂಬುದು ಎಲ್ಲರೂ ಬಲ್ಲ ವಿಷಯವು. ಆದರೆ ಕೆಲವು ಮಕ್ಕಳು ಕರೆದರೆ ತಿರುಗಿ ನೋಡವು. ಒಂದೇ ಆಟವನ್ನು ಮತ್ತೆ ಮತ್ತೆ ಆಡುವುವು. ನಿತ್ಯಕ್ರಮವು ಕಿಂಚಿತ್ತು ತಪ್ಪಿದರೂ ಕಿರಿಚಿ ನೆಲಕ್ಕೆ ಬೀಳುವುವು. ಲೋಕವು ಇವರನ್ನು ಹಟಮಾರಿಗಳೆಂದೂ, ತಾಯಿಯ ಮುದ್ದಿನಿಂದ ಕೆಟ್ಟವರೆಂದೂ ಆಡಿಕೊಳ್ಳುವುದುಂಟು. ಎರಡೂ ಮಾತುಗಳು ಸತ್ಯಕ್ಕೆ ದೂರವಾದುವು. ಈ ಸ್ಥಿತಿಗೆ ಆಟಿಸಂ ಅಥವಾ ಸ್ವಲೀನತೆಯೆಂದು ಹೆಸರು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಲಕ್ಷಣಗಳನ್ನು ವಿವರಿಸಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದರು. ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ಕೆಲಕಾಲ ಪಂಡಿತರೂ ನಂಬಿದ್ದರು. ಇಂಥ ಮಗುವಿನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್ಲಂಡ್ ಎಂಬ ವಿದ್ವಾಂಸರು 1964ರಲ್ಲಿ ಗ್ರಂಥವನ್ನು ಬರೆದು ಆ ಮತವನ್ನು ಖಂಡಿಸಿದರು. ಇದು ಮೆದುಳಿನ ಬೆಳವಣಿಗೆಯ ಭೇದವೇ ಹೊರತು ತಾಯಿಯ ದೋಷವಲ್ಲ.

ಇಂತಿರಲು, ಮಾತು ಬಾರದ ಮಗುವಿಗೆ ಅದರ ನಡೆಯೇ ನುಡಿಯೆಂದು ತಿಳಿಯತಕ್ಕದ್ದು. ನಡೆಯನ್ನು ತಿದ್ದುವುದಕ್ಕೆ ಮುಂಚೆ ಅದರ ಅರ್ಥವನ್ನು ಅರಿಯಬೇಕು. ದೃಷ್ಟಾಂತಕ್ಕೆ, ಚಾರ್ಮಾಡಿ ಘಟ್ಟವನ್ನೇರಿ ಬಂದ ಬಸ್ಸುಗಳು ನಿಲ್ಲುವ ಕೊಟ್ಟಿಗೆಹಾರದ ಪೇಟೆಯಲ್ಲಿ ಒಂದು ಮಗು ಕಿವಿ ಮುಚ್ಚಿಕೊಂಡು ಕೈ ಕಚ್ಚಿಕೊಳ್ಳುವುದೆಂದು ಭಾವಿಸಿರಿ. ನಡೆಗೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ದೊರೆಯಿತು, ಈ ಮೂರನ್ನು ಎಂಟು ದಿನ ಬರೆದಿಡಬೇಕು. ಹಾರನ್ನಿನ ಸದ್ದಾದಾಗಲೆಲ್ಲ ಹೀಗಾಗುವುದಾದರೆ ಶಬ್ದವೇ ಕಾರಣವು; ಅಲ್ಲಿ ಗದರಿಕೆಯು ವ್ಯರ್ಥ. ಜನಸಂದಣಿಯಿಲ್ಲದ ಹೊತ್ತಿನಲ್ಲಿ ಕರೆದೊಯ್ದು ದೂರದಲ್ಲಿ ನಿಲ್ಲಿಸುವುದೇ ಉಪಾಯ. ಅತ್ತಾಗಲೆಲ್ಲ ಅಂಗಡಿಯ ಮಿಠಾಯಿ ದೊರೆಯುತ್ತಿದ್ದರೆ, ಅಳುವೇ ಮಿಠಾಯಿಯ ಬೆಲೆಯೆಂದು ಮಗು ಕಲಿತಿದೆ. ಆಗ ಕೈತೋರಿಸಿಯಾಗಲಿ ಚಿತ್ರ ತೋರಿಸಿಯಾಗಲಿ ಕೇಳುವುದನ್ನು ಕಲಿಸಿ, ಹಾಗೆ ಕೇಳಿದ ಕ್ಷಣದಲ್ಲಿಯೇ ಕೊಡಬೇಕು, ಅಳುವಿಗೆ ಕೊಡಲಾಗದು. ಮೊದಮೊದಲು ಅಳು ಹೆಚ್ಚುವುದುಂಟು; ಧೈರ್ಯಗೆಡಬಾರದು. ತಾಯಿ ತಡೆದುದನ್ನು ಅಜ್ಜಿ ಕೊಟ್ಟರೆ ಶ್ರಮವೆಲ್ಲ ನೀರುಪಾಲು. ಆದ್ದರಿಂದ ಮನೆಯವರೆಲ್ಲರ ನಡೆಯೂ ಒಂದಾಗಿರಲಿ.

ಕ್ರಮಭಂಗವು ಇಂಥ ಮಕ್ಕಳಿಗೆ ದುಸ್ಸಹ. ಸಂಜೆಯಾದರೆ ಬಸ್ಸು ನೋಡಲು ಹೋಗುವ ಮಗುವಿಗೆ ಆಷಾಢದ ಮಳೆಯ ದಿನ ಬೆಳಿಗ್ಗೆಯೇ ಚಿತ್ರ ತೋರಿಸಿ, “ಇಂದು ಮಳೆ, ಮನೆಯಲ್ಲಿ ಆಟ” ಎಂದು ಚಿಕ್ಕ ಮಾತಿನಲ್ಲಿ ತಿಳಿಸಬೇಕು. ಕಾಫಿ ಕೊಯ್ಲಿನಲ್ಲಿ ತಾಯಿ ಮುಂಜಾನೆಯೇ ತೋಟಕ್ಕೆ ಹೋಗುವುದಾದರೆ ಅದನ್ನೂ ಕೆಲವು ದಿನ ಮುಂಚೆಯೇ ರೂಢಿಸಬೇಕು. ನೀರುದೋಸೆಯ ಹೊರತು ಬೇರೇನನ್ನೂ ಮುಟ್ಟದ ಮಗುವಿಗೆ ಬಲವಂತವಾಗಿ ತುರುಕದೆ, ಹೊಸ ತಿಂಡಿಯ ಒಂದು ಚೂರನ್ನು ಪಕ್ಕದಲ್ಲಿಡಬೇಕು. ಮೊದಲು ನೋಡಲಿ, ಆಮೇಲೆ ಮುಟ್ಟಲಿ, ಅನಂತರ ರುಚಿ ನೋಡಲಿ. ಕೈತೊಳೆಯುವಂಥ ಕೆಲಸವನ್ನೂ ಸಣ್ಣ ಸಣ್ಣ ಹಂತಗಳಾಗಿ ಕಲಿಸಿ, ಒಂದೊಂದು ಹಂತಕ್ಕೂ ಒಡನೆಯೇ ಮೆಚ್ಚುಗೆಯ ಮಾತಾಡಬೇಕು.

ಮಗು ಉದ್ವಿಗ್ನವಾಗಿ ಕೈಮೀರಿದಾಗ ಉಪದೇಶವೂ ಏಟೂ ಸಲ್ಲವು. ಗಾಯವಾಗುವಂಥ ವಸ್ತುಗಳನ್ನು ದೂರ ಸರಿಸಿ, ನಿಶ್ಶಬ್ದವಾದ ಮೂಲೆಗೆ ಕರೆದೊಯ್ದು ತಾಳ್ಮೆಯಿಂದ ಕಾಯಬೇಕು. ಸೌಮ್ಯವಾಗಿದ್ದ ಮಗು ಹಠಾತ್ತಾಗಿ ತಲೆ ಚಚ್ಚಿಕೊಳ್ಳತೊಡಗಿದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆಗಳಿರಬಹುದು. ವೈದ್ಯರಿಗೆ ತೋರಿಸುವುದು ಅವಶ್ಯವು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇಂಥ ಮಕ್ಕಳ ಪರೀಕ್ಷೆಯೂ ತಾಯಿತಂದೆಗಳಿಗೆ ಮಾರ್ಗದರ್ಶನವೂ ದೊರೆಯುವುವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಆಟಿಸಮ್ಮನ್ನೂ ಒಳಗೊಂಡಿರುವುದರಿಂದ ಶಾಲೆಯ ಬಾಗಿಲು ಇವರಿಗೂ ತೆರೆಯತಕ್ಕದ್ದು.

ಕಡೆಯದಾಗಿ, ಭಕ್ತಸಮೂಹಕ್ಕೂ ಇದರಲ್ಲಿ ಭಾಗವುಂಟು. ಜನರ ನೋಟಕ್ಕೆ ಅಂಜಿ ಜಾತ್ರೆಗೂ ಮದುವೆಗೂ ಬಾರದೆ ಮನೆಯಲ್ಲೇ ಉಳಿದ ತಾಯಂದಿರಿದ್ದಾರೆ. ಪ್ರಸಾದದ ಪಂಕ್ತಿಯಲ್ಲಿ ಇಂಥ ಮಗು ಕಿರಿಚಿದರೆ ತಿರುತಿರುಗಿ ನೋಡದೆ, ಗದ್ದಲವಿಲ್ಲದ ಮೂಲೆಯಲ್ಲಿ ಎಲೆ ಹಾಕಿಸಿರಿ. ನೆರೆಯವರು ವಾರಕ್ಕೊಂದು ಹೊತ್ತು ಮಗುವಿನ ಬಳಿ ಕುಳಿತು, ಆ ತಾಯಿಗೆ ವಿಶ್ರಾಂತಿಯನ್ನು ಕೊಡಲಿ. ಇದು ಹಣವಿಲ್ಲದವರೂ ಮಾಡಬಹುದಾದ ದಾಸೋಹವು.

ಸರ್ವರಿಗೂ ಮಂಗಳವಾಗಲಿ.