ಕಂಡದ್ದೆಲ್ಲ ಕಲಿತದ್ದಲ್ಲ

ನೋಡಿ ವೀಕ್ಷಕರೇ, ಇವತ್ತು ಮನೆಮನೆಯಲ್ಲೂ ಒಂದೇ ಮಾತು. ವಿಡಿಯೋದಲ್ಲಿ ನೋಡಿದ್ರೆ ಮಗು ಮರೆಯೋದೇ ಇಲ್ಲ! ಲರ್ನಿಂಗ್ ಆ್ಯಪ್ ಮಾರುವವರ ಬಂಡವಾಳವೂ ಇದೇ. ನಿಜವೇ?

ಅರ್ಧ ನಿಜ. ಲಯೋನೆಲ್ ಸ್ಟ್ಯಾಂಡಿಂಗ್ ಎಂಬ ಮನೋವಿಜ್ಞಾನಿ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ 10,000 ಚಿತ್ರ ತೋರಿಸಿದರು. ಆಮೇಲೆ ನೋಡಿದ್ದೊಂದು, ನೋಡದ್ದೊಂದು ಜೋಡಿಯಾಗಿ ಇಟ್ಟರೆ, ಬಹುತೇಕ ಸರಿಯಾಗಿಯೇ ಗುರುತಿಸಿದರು. ಕಣ್ಣಿನ ನೆನಪು ಅಂಥದ್ದು. ಆದರೆ ಗುರುತಿಸೋದು ಬೇರೆ, ನೆನಪಿನಿಂದ ಹೆಕ್ಕಿ ಹೇಳೋದು ಬೇರೆ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿ ಓದಿತು. ಇನ್ನೊಂದು ಒಂದೇ ಅವಧಿ ಓದಿ, ಮೂರು ಸಲ ನೋಡದೆ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು. ವಾರ ಬಿಟ್ಟು ಕೇಳಿದರೆ? ಓದಿದವರಿಗೆ ಉಳಿದದ್ದು ಶೇ. 40, ಬರೆದವರಿಗೆ ಶೇ. 61!

ಇನ್ನು 'ನಿಮ್ಮ ಮಗು ವಿಷುವಲ್ ಲರ್ನರ್' ಅಂತಾರಲ್ಲ, ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಅನ್ನೋದಕ್ಕೆ ಗಟ್ಟಿ ಪುರಾವೆಯಿಲ್ಲ ಎಂದು 2008ರಲ್ಲೇ ನಾಲ್ವರು ಮನೋವಿಜ್ಞಾನಿಗಳು ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿ ಹೇಳಿದ್ದಾರೆ.

ನಾನು ಚಿತ್ರ ತೋರಿಸಿಯೇ ಅನ್ನ ತಿನ್ನುವವನು. ಚಿತ್ರದ ಶಕ್ತಿ ನನಗೆ ಗೊತ್ತು. ಅದಕ್ಕೇ ಹೇಳ್ತಿದ್ದೀನಿ. ಸಾವಿರಾರು ರೂಪಾಯಿ ಚಂದಾ ಕಟ್ಟೋ ಮೊದಲು ಒಂದು ಕೆಲಸ ಮಾಡಿ. ವಿಡಿಯೋ ಮುಗಿದ ಮೇಲೆ ಪರದೆ ಆರಿಸಿ, ಮಗುವಿನ ಕೈಗೆ ಖಾಲಿ ಹಾಳೆ ಕೊಡಿ. ಈಗ ನೋಡಿದ್ದನ್ನ ಬರಿ ಅನ್ನಿ. ತಡವರಿಸುತ್ತೆ. ತಡವರಿಸಲಿ ಬಿಡಿ. ಪಾಠ ತಲೆಯಲ್ಲಿ ಬೇರು ಬಿಡೋದೇ ಆಗ. ಅದಕ್ಕೆ ಚಂದಾ ಬೇಕಿಲ್ಲ, ಪಕ್ಕದಲ್ಲಿ ಕೂರೋ ನೀವು ಬೇಕು.